ಮೇಲಿನಿಂದ ಮೂರನೆಯ ಮೆಟ್ಟಿಲು

ದಾರಿ ತಪ್ಪಿದ ಇರುವೆ ಮೊದಲು ಏನು ಮಾಡುತ್ತದೆ ಎಂಬುದು ನನ್ನ ಅತ್ತಿಗೆಗೆ ಗೊತ್ತು. ಮಕ್ಕಳ ಹಾಲುಹಲ್ಲು ಯಾವ ಬದಿಗೆ ಬೇಗ ಸವೆಯುತ್ತದೆ, ಮೀನು ಹಿಡಿಯುವವರು ಬಲೆಗೆ ಹಾಕುವ ಗಂಟುಗಳಲ್ಲಿ ಎಷ್ಟು ಬಗೆ, ಆಕಳಿಕೆ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ದಾಟಲು ಎಷ್ಟು ಸೆಕೆಂಡು, ಒದ್ದೆ ಗೋಡೆಯ ಪಾಚಿ ಮೊದಲು ಯಾವ ಮೂಲೆ ಹಿಡಿಯುತ್ತದೆ, ಎಲ್ಲವೂ ಗೊತ್ತು. ಗೊತ್ತು ಎಂದೆನಲ್ಲ, ಅದು ಅಷ್ಟು ಸರಿಯಲ್ಲ. ಅವರ ಬೆರಳುಗಳಿಗೆ ಗೊತ್ತು. ಅವರನ್ನೇ ಕೇಳಿದರೆ, "ನಂಗೇನಪ್ಪಾ ಗೊತ್ತು, ನಾನು ಟೈಪು ಮಾಡೋಳು" ಎಂದು ಕನ್ನಡಕ ಒರೆಸಿಕೊಳ್ಳುತ್ತಾರೆ.

ಮೂವತ್ತನಾಲ್ಕು ವರ್ಷಗಳಿಂದ ಅವರದು ಇದೇ ಕೆಲಸ. ನಮ್ಮ ಬೀದಿಯ ತುದಿಯಲ್ಲಿ ವಿಶ್ವವಿದ್ಯಾಲಯ. ಬೀದಿಯ ನಡುವೆ ಒಂದು ಗಡಿಯಾರ ರಿಪೇರಿ ಅಂಗಡಿ, ಅದರ ಪಕ್ಕದ ಸಣ್ಣ ಬಾಗಿಲಿನಿಂದ ಹತ್ತೊಂಬತ್ತು ಕಲ್ಲಿನ ಮೆಟ್ಟಿಲು ಹತ್ತಿದರೆ ನಮ್ಮ ಕೋಣೆ. ಒಂದು ಕಿಟಕಿ, ಎರಡು ಮೇಜು, ಮೂರು ಸಲ ಕಾಲು ಮುರಿದು ಮೂರು ಸಲವೂ ರಿಪೇರಿಯಾದ ಒಂದು ಕುರ್ಚಿ, ಸೂರಿನವರೆಗೂ ಹಾಳೆ. ಸಂಶೋಧನೆ ಮಾಡುವವರು ಕೈಬರಹದ ಕಂತೆ ಹೊತ್ತು ಹತ್ತಿ ಬರುತ್ತಾರೆ. ಇಳಿಸಿಕೊಂಡು ಹೋಗುವಾಗ ಅದು ಥೀಸಿಸ್ ಆಗಿರುತ್ತದೆ. ಮೊದಲು ಟೈಪ್‌ರೈಟರ್ ಇತ್ತು, ಈಗ ಹದಿನಾಲ್ಕು ವರ್ಷದಿಂದ ಕಂಪ್ಯೂಟರ್. ಈ ಕಾಲದಲ್ಲಿ ಎಲ್ಲರೂ ತಮ್ಮದನ್ನು ತಾವೇ ಟೈಪು ಮಾಡಿಕೊಳ್ಳುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೈಯಲ್ಲೇ ಬರೆಯುವ ಹಠಮಾರಿಗಳು ಎಲ್ಲ ಕಾಲದಲ್ಲೂ ಇರುತ್ತಾರೆ, ಅವರೆಲ್ಲ ಕೊನೆಗೆ ನಮ್ಮ ಮೆಟ್ಟಿಲು ಹತ್ತುತ್ತಾರೆ.

ಬಂದವರನ್ನು ಅವರ ವಿಷಯದಿಂದಲೇ ಕರೆಯುವುದು ನಮ್ಮಲ್ಲಿ ರೂಢಿ. ನಾಳೆ ಹಲ್ಲು ಬರುತ್ತಾರೆ, ಆಕಳಿಕೆ ಇನ್ನೂ ಎರಡನೆಯ ಅಧ್ಯಾಯ ಕೊಟ್ಟಿಲ್ಲ, ಪಾಚಿಗೆ ಮದುವೆ ಗೊತ್ತಾಯಿತಂತೆ, ಇರುವೆ ಮತ್ತು ಜೋಗುಳ ಮೆಟ್ಟಿಲಲ್ಲೇ ಜಗಳ ಆಡಿಕೊಂಡರು, ಹೀಗೆ. ಕೆಳಗಿನ ಗಡಿಯಾರದವನು ಹೊಸದರಲ್ಲಿ ನಮ್ಮ ಮಾತು ಕೇಳಿ, ಮೇಲಿನವರಿಗೆ ತಲೆ ಸರಿ ಇಲ್ಲ ಎಂದುಕೊಂಡಿದ್ದನಂತೆ. ಈಗ ಅವನೇ ಬಂದು, "ನಿಮ್ಮ ಹಲ್ಲು ಕೊಡೆ ಬಿಟ್ಟು ಹೋಗಿದಾರೆ ನೋಡಿ" ಎನ್ನುತ್ತಾನೆ.

ಅತ್ತಿಗೆ ನೋಡಿಕೊಂಡು ಟೈಪು ಮಾಡುವವರಲ್ಲ, ಕೇಳಿಸಿಕೊಂಡು ಮಾಡುವವರು. ಒಬ್ಬರು ಕೈಬರಹವನ್ನು ಗಟ್ಟಿಯಾಗಿ ಓದಬೇಕು. ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ, ಎಲ್ಲವನ್ನೂ ಬಾಯಲ್ಲಿ ಹೇಳಬೇಕು. ಅವರು ಕಣ್ಣು ಮುಚ್ಚಿ ಟೈಪು ಮಾಡುತ್ತಾರೆ. ಮಾತು ಕಿವಿಯಿಂದ ನೇರ ಬೆರಳಿಗೆ ಇಳಿಯುತ್ತದೆ. ನಡುವೆ ತಲೆಗೆ ಏನೂ ಕೆಲಸವಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರನ್ನು ನೋಡಿ ಜನ ನಗುತ್ತಾರಲ್ಲ, ಅತ್ತಿಗೆ ಎತ್ತನ್ನೂ ಕಟ್ಟುತ್ತಾರೆ, ಕರುವನ್ನೂ ಕಟ್ಟುತ್ತಾರೆ, ಅಲ್ಪವಿರಾಮವನ್ನೂ ಬಿಡುವುದಿಲ್ಲ. ತಮ್ಮದು ಎಂಬ ಒಂದಕ್ಷರವನ್ನು ಅವರು ಯಾರ ಥೀಸಿಸ್ಸಿಗೂ ಸೇರಿಸಿದವರಲ್ಲ. ಅದು ಅವರ ಹೆಮ್ಮೆ. ಬೇರೆ ಹೆಮ್ಮೆ ಅವರಲ್ಲಿ ನಾನು ಕಂಡಿಲ್ಲ.

ಮೂವತ್ತೊಂದು ವರ್ಷ ಅವರಿಗೆ ಓದಿ ಹೇಳಿದವನು ನನ್ನ ಅಣ್ಣ. ಅವರಿಬ್ಬರ ನಡುವೆ ಒಂದು ಕಟ್ಟಳೆ ಇತ್ತು. ಅಣ್ಣ ಓದುವುದರ ನಡುವೆ ಬೇರೆ ಮಾತು ಆಡಬೇಕಾದರೆ ಮೊದಲು ಪೆನ್ಸಿಲಿನಿಂದ ಮೇಜನ್ನು ಒಮ್ಮೆ ತಟ್ಟಬೇಕು. ತಟ್ಟಿದರೆ ಮುಂದಿನ ಮಾತು ಹಾಳೆಗಲ್ಲ, ಅತ್ತಿಗೆಗೆ. ಇನ್ನೊಮ್ಮೆ ತಟ್ಟಿದರೆ ಮತ್ತೆ ಥೀಸಿಸ್. ಈ ಕಟ್ಟಳೆ ಬಂದದ್ದು ಗಂಟಿನ ಪ್ರಬಂಧದ ಕಾಲದಲ್ಲಿ. ಎಪ್ಪತ್ತೊಂದನೆಯ ಪುಟದಲ್ಲಿ, ಎರಡು ಎಳೆಯ ಗಂಟಿನ ವರ್ಣನೆಯ ನಡುವೆ, "ಚಹಾ ತಣ್ಣಗಾಯ್ತು ಕಣೇ" ಎಂದು ಅಚ್ಚುಕಟ್ಟಾಗಿ ಟೈಪಾಗಿತ್ತು. ಗಂಟಿನವರು ಒಳ್ಳೆಯವರು, ನಕ್ಕು ಹಾಳೆ ಬದಲಿಸಿಕೊಂಡರು. ಆ ಕೆಟ್ಟ ಹಾಳೆಯನ್ನು ಅತ್ತಿಗೆ ಇಂದಿಗೂ ಎಸೆದಿಲ್ಲ.

ಮೂರು ವರ್ಷದ ಹಿಂದೆ ಅಣ್ಣನ ಗಂಟಲು ಕೆಟ್ಟಿತು. ಮೊದಲು ದನಿ ಒಡೆಯಿತು, ಆಮೇಲೆ ಉಸಿರು ಸಾಲದಾಯಿತು. ಓದಬಾರದು, ಮೆಟ್ಟಿಲು ಹತ್ತಬಾರದು ಎಂದರು ಡಾಕ್ಟರು. ಆಗ ನಡೆಯುತ್ತಿದ್ದದ್ದು ಜೋಗುಳಗಳ ಮೇಲಿನ ಥೀಸಿಸ್. ಅಣ್ಣ ನೂರ ಹನ್ನೆರಡನೆಯ ಪುಟದವರೆಗೆ ಓದಿ ಎದ್ದ. ಆ ಸಂಜೆ ಇಳಿದುಹೋದವನು ಮತ್ತೆ ಈ ಮೆಟ್ಟಿಲು ಹತ್ತಲಿಲ್ಲ. ನಾಲ್ಕು ತಿಂಗಳ ನಂತರ ತೀರಿಕೊಂಡ.

ನೂರ ಹದಿಮೂರನೆಯ ಪುಟದಿಂದ ಓದಿದವನು ನಾನು. ನಾನು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದವನು, ಆಗಷ್ಟೇ ನಿವೃತ್ತನಾಗಿದ್ದೆ. ಆಯುಷ್ಯವೆಲ್ಲ ಊರಿನವರ ಕಾಗದ ವಿಂಗಡಿಸಿದವನು, ಸ್ವಂತಕ್ಕೆ ಒಂದು ಕಾಗದ ಬರೆದವನಲ್ಲ. ಅತ್ತಿಗೆ ನನಗೆ ಗಿಣಿ ಎಂದು ಹೆಸರಿಟ್ಟರು. ಅಣ್ಣ ತಮ್ಮಂದಿರ ದನಿ ಒಂದೇ ಎಂದು ಜನ ಹೇಳುತ್ತಿದ್ದರು. ಅತ್ತಿಗೆ ಕಣ್ಣು ಮುಚ್ಚಿ ಟೈಪು ಮಾಡುವಾಗ ಅವರ ಕಿವಿಗೆ ಬೀಳುತ್ತಿರುವುದು ನನ್ನ ದನಿಯೋ, ಇನ್ನೊಂದೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದುಂಟು. ಕೇಳಿಲ್ಲ. ಕೆಲವನ್ನು ಕೇಳಬಾರದು.

ಅಣ್ಣನ ವಿಷಯದಲ್ಲಿ ಅವರ ಬಾಯಿಂದ ನಾನು ಕೇಳಿದ ದೂರು ಒಂದೇ. ದಿನಾ ಸಂಜೆ ಆರಕ್ಕೆ ಅವರಿಬ್ಬರೂ ಒಟ್ಟಿಗೆ ಇಳಿಯುತ್ತಿದ್ದರು. ಅತ್ತಿಗೆ ಮೆಷಿನ್ನಿಗೆ ಹೊದಿಕೆ ಹಾಕಿ ಬರುವವರೆಗೆ ಅಣ್ಣ ಬಾಗಿಲಲ್ಲಿ ಕಾಯುತ್ತಿದ್ದ. ಕೊನೆಯ ದಿನ ಕಾಯಲಿಲ್ಲ. ಅತ್ತಿಗೆ ಹೊರಗೆ ಬಂದಾಗ ಅವನು ಆಗಲೇ ಕೆಳಗೆ ಟ್ಯಾಕ್ಸಿಯಲ್ಲಿ ಕೂತಿದ್ದ. "ಮೂವತ್ತೊಂದು ವರ್ಷ ಕಾದೋರು, ಅವತ್ತು ತಿರುಗೂ ನೋಡ್ದೆ ಇಳಿದುಬಿಟ್ರು" ಎಂದು ಒಮ್ಮೆ ಹೇಳಿದರು. ನಾನು ಆಗ ಹಾಳೆ ಜೋಡಿಸುತ್ತಿದ್ದೆ. ಜೋಡಿಸುತ್ತಲೇ ಇದ್ದೆ.

ಇನ್ನು ಮೆಟ್ಟಿಲು ಮೇಷ್ಟ್ರ ವಿಷಯ. ಅವರು ಗಣಿತ ಹೇಳಿ ನಿವೃತ್ತರಾದವರು, ಬೆನ್ನು ತುಸು ಬಾಗಿದೆ, ಜೇಬಿನಲ್ಲಿ ಸದಾ ಒಂದು ಹಿತ್ತಾಳೆಯ ಅಳತೆಗೋಲು. ಹನ್ನೊಂದು ವರ್ಷ ಅವರು ಹಳೆಯ ಕಟ್ಟಡಗಳ ಕಲ್ಲಿನ ಮೆಟ್ಟಿಲುಗಳು ಎಲ್ಲಿ ಎಷ್ಟು ಸವೆದಿವೆ ಎಂದು ಅಳೆದಿದ್ದಾರೆ. ಆಸ್ಪತ್ರೆ, ಶಾಲೆ, ಕಚೇರಿ, ಬಾಡಿಗೆ ಮನೆ, ಒಟ್ಟು ಇನ್ನೂರ ಹದಿನೇಳು ಕಡೆ. ನಮ್ಮ ಹತ್ತೊಂಬತ್ತು ಮೆಟ್ಟಿಲನ್ನೂ ಬಿಟ್ಟಿಲ್ಲ. ಮಂಡಿಯೂರಿ ಅಳೆಯುತ್ತಿದ್ದಾಗ ಗಡಿಯಾರದವನು ಏನೋ ಬಿದ್ದುಹೋಗಿದೆ ಎಂದು ತಾನೂ ಹುಡುಕಲು ಬಗ್ಗಿದ್ದನಂತೆ. ಇಂಥವರನ್ನು ನೋಡಿದಾಗಲೆಲ್ಲ ನಾನು, ಬೆಟ್ಟ ಅಗೆದು ಇಲಿ ಹಿಡಿಯುವವರು ಎಂದು ಒಳಗೊಳಗೇ ನಗುತ್ತಿದ್ದೆ.

ಅವರ ಮುನ್ನೂರು ಪುಟವನ್ನು ನಾನು ಓದಿದ್ದು ಬೇಸಿಗೆಯ ಮಧ್ಯಾಹ್ನಗಳಲ್ಲಿ. ನನ್ನ ಒಂದು ದೌರ್ಬಲ್ಯವನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ. ಊಟವಾದ ಮೇಲೆ ಓದುವಾಗ ನನಗೆ ಜೊಂಪು ಹತ್ತುತ್ತದೆ. ಆದರೆ ಬಾಯಿ ನಿಲ್ಲುವುದಿಲ್ಲ. ಕಣ್ಣು ಸಾಲಿನ ಮೇಲೆ ತಾನಾಗಿ ಹೋಗುತ್ತದೆ, ನಾಲಗೆ ತಾನಾಗಿ ಪೂರ್ಣವಿರಾಮ ಹಾಕುತ್ತದೆ, ನಾನು ಮಾತ್ರ ಎಲ್ಲೋ ಇರುತ್ತೇನೆ. ಕಿಟಕಿಯಿಂದ ಬಂದ ಬಿಸಿಲು ನೆಲದ ಮೇಲೆ ಮೆಲ್ಲಗೆ ಸರಿಯುತ್ತದೆ. ಕೆಳಗಿನಿಂದ ನಲವತ್ತು ಗಡಿಯಾರಗಳ ಟಿಕ್ ಟಿಕ್, ಒಂದಕ್ಕೊಂದು ಹೊಂದದೆ. ಹಿಂದೆ ಓದಿದ ಪ್ರಬಂಧಗಳೆಲ್ಲ ಆ ಹೊತ್ತಿನಲ್ಲಿ ಎದ್ದು ಓಡಾಡುತ್ತವೆ. ಇರುವೆಗಳು ಹಾಲುಹಲ್ಲು ಹೊತ್ತು ಸಾಲಾಗಿ ಹೋಗುತ್ತವೆ, ಪಾಚಿ ಹತ್ತಿದ ಗೋಡೆಯ ಆಚೆ ಯಾರೋ ಜೋಗುಳ ಹಾಡುತ್ತಾರೆ, ಹಾಡು ಕೇಳಿ ಇರುವೆಗಳು ಒಂದಾದ ಮೇಲೊಂದು ಆಕಳಿಸುತ್ತವೆ. ಅದೊಂದು ಸುಖ. ಕದ್ದು ತಿಂದ ಸಿಹಿಯ ಹಾಗೆ ನಾನು ಅದನ್ನು ಯಾರಿಗೂ ಹೇಳಿರಲಿಲ್ಲ.

ಮೇಷ್ಟ್ರ ಥೀಸಿಸ್ ಮುಗಿಯಿತು, ಹೊಲಿಗೆ ಹಾಕಿಸಿ ಒಪ್ಪಿಸಿದರು. ಎರಡು ತಿಂಗಳು ಕಳೆದು ಒಂದು ಬೆಳಿಗ್ಗೆ ಅವರು ಬಾಗಿಲಲ್ಲಿ ನಿಂತಾಗ ಮುಖ ಬಾಡಿತ್ತು. ಕೈಯಲ್ಲಿ ಪರೀಕ್ಷಕರ ಪತ್ರ. ನೂರ ಎಂಬತ್ತೇಳನೆಯ ಪುಟದ ಒಂದು ವಾಕ್ಯದ ಕೆಳಗೆ ಗೆರೆ ಎಳೆದು ಪರೀಕ್ಷಕರು ಕೇಳಿದ್ದರು: ಇಡೀ ಪ್ರಬಂಧದಲ್ಲಿ ಅಳತೆಯಿದೆ, ಇಲ್ಲಿ ಮಾತ್ರ ಒಂದು ಕಾರಣ ಹೇಳಿದೆ. ಇದು ಬೇರೆಯವರ ಮಾತಿನಂತಿದೆ. ಆಕರ ಯಾವುದು? ವಾಕ್ಯ ಇಷ್ಟು: "ಮೇಲಿನಿಂದ ಮೂರನೆಯ ಮೆಟ್ಟಿಲು ಹೆಚ್ಚು ಸವೆದಿರುವುದು ನಡೆದವರಿಂದಲ್ಲ, ಇಳಿಯಲು ಮನಸ್ಸಾಗದೆ ಅಲ್ಲಿ ನಿಂತವರಿಂದ."

ಮೇಷ್ಟ್ರು ಆ ಸಾಲನ್ನು ಕರಡಿನಲ್ಲೇ ನೋಡಿದ್ದರಂತೆ. ಚೆನ್ನಾಗಿದೆ, ಯಾವಾಗಲೋ ತಾವೇ ಬರೆದಿರಬೇಕು ಎಂದು ಖುಷಿಪಟ್ಟು ಬಿಟ್ಟಿದ್ದರಂತೆ. ಈಗ ಕೈಬರಹ ತೆಗೆದು ನೋಡಿದರೆ ಅಲ್ಲಿ ಅದಿಲ್ಲ. "ಹಲವು ಕಡೆ ಮೇಲಿನಿಂದ ಮೂರನೆಯ ಮೆಟ್ಟಿಲಿನಲ್ಲಿ ಸವೆತ ಹೆಚ್ಚು. ಕಾರಣ ತಿಳಿದುಬಂದಿಲ್ಲ" ಎಂದಷ್ಟೇ ಇದೆ. ಅದಾದ ಮೇಲೆ ಹೊಸ ಪ್ಯಾರಾ. ವಾಕ್ಯ ತೆಗೆದುಹಾಕಿದರೆ ಆಯಿತಲ್ಲ ಎಂದೆ ನಾನು. ಹಾಗಾಗುವುದಿಲ್ಲವಂತೆ. ಪ್ರಶ್ನೆ ಬರವಣಿಗೆಯಲ್ಲಿ ಬಂದಿದೆ, ಉತ್ತರವೂ ಬರವಣಿಗೆಯಲ್ಲಿ ಹೋಗಬೇಕು. ಎಲ್ಲಿಂದ ಬಂತು ಎಂದು ಹೇಳದೆ ಅಳಿಸಿದರೆ ಕದ್ದದ್ದನ್ನು ಮುಚ್ಚಿಟ್ಟ ಹಾಗೆ, ಇಡೀ ಪ್ರಬಂಧದ ಮೇಲೇ ಅನುಮಾನ. ಉತ್ತರಕ್ಕೆ ಉಳಿದಿದ್ದು ಹದಿನಾಲ್ಕು ದಿನ.

ಅತ್ತಿಗೆ ಪತ್ರವನ್ನು ಎರಡು ಸಲ ಓದಿ, ನನ್ನ ಕಡೆ ತಿರುಗಿ, ನೀನೇನಾದರೂ ತಟ್ಟದೆ ಹೇಳಿದೆಯಾ ಎಂದು ಮೆಲ್ಲಗೆ ಕೇಳಿದರು. ನಾನು ರೇಗಿದೆ. ನಿದ್ದೆಯಲ್ಲೂ ನನ್ನ ಬಾಯಿಂದ ಅಂಥ ಮಾತು ಬರುತ್ತದೆಯೇ, ಮದುವೆಯ ದಿನ ನಾಲ್ಕು ಮಾತಾಡು ಎಂದಾಗಲೂ ಬಂದಿರಲಿಲ್ಲ ಎಂದೆ. ಅದು ನಿಜವೂ ಆಗಿತ್ತು. ಅತ್ತಿಗೆ ಮತ್ತೆ ಕೇಳಲಿಲ್ಲ. ಹಾಗಾದರೆ ಹಿಂದೆ ಟೈಪು ಮಾಡಿದ ಯಾವುದೋ ಥೀಸಿಸ್ಸಿನ ಸಾಲು ಬೆರಳಲ್ಲಿ ಉಳಿದಿದ್ದು ಇಲ್ಲಿ ಉದುರಿರಬೇಕು ಎಂದರು. ಹೇಳುವಾಗ ತಮ್ಮ ಬೆರಳುಗಳನ್ನೇ ನೋಡುತ್ತಿದ್ದರು, ಅವು ಬೇರೆ ಯಾರದೋ ಎಂಬಂತೆ.

ಮೇಷ್ಟ್ರನ್ನು ಕಳಿಸಲು ನಾನು ಮೆಟ್ಟಿಲವರೆಗೆ ಹೋದೆ. ಅಲ್ಲಿ ನಾನಾಡಿದ ಮಾತನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. "ಅತ್ತಿಗೆಗೆ ವಯಸ್ಸಾಯ್ತು ಮೇಷ್ಟ್ರೇ. ಅಣ್ಣ ಹೋದ್ಮೇಲೆ ತಲೇಲಿ ಎಲ್ಲಾ ಕಲಸುಮೇಲೋಗರ ಆಗಿದೆ" ಎಂದೆ. ಕಲ್ಲಿನ ಮೆಟ್ಟಿಲು, ಇಕ್ಕಟ್ಟು ಗೋಡೆ; ಪಿಸುಮಾತೂ ಮೇಲೆ ಹೋಗುತ್ತದೆ. ಹಿಂದಿರುಗಿದಾಗ ಅತ್ತಿಗೆ ಮೆಷಿನ್ನಿಗೆ ಹೊದಿಕೆ ಹಾಕಿ ಕೂತಿದ್ದರು. ಬೆಳಿಗ್ಗೆ ಹನ್ನೊಂದು ಗಂಟೆ. ಆ ಹೊತ್ತಿನಲ್ಲಿ ಆ ಹೊದಿಕೆ ಬಿದ್ದದ್ದನ್ನು ನಾನು ಕಂಡಿರಲೇ ಇಲ್ಲ.

"ಒಬ್ಬೊಬ್ಬರು ಹತ್ತು ವರ್ಷ, ಹನ್ನೊಂದು ವರ್ಷ ತಂದು ನನ್ನ ಕೈಯಲ್ಲಿ ಇಡ್ತಾರೆ ಗಿಣಿ" ಎಂದರು. "ಈ ಬೆರಳನ್ನ ನಾನೇ ನಂಬೋ ಹಾಗಿಲ್ಲ ಅಂದ್ರೆ ಹೆಂಗೆ ಇಸ್ಕೊಳ್ಳಲಿ? ಆ ಸಾಲು ಎಲ್ಲಿದ್ದು ಅಂತ ಹುಡುಕು. ಮೇಷ್ಟ್ರು ಬದುಕ್ಕೊಳ್ಳಲಿ. ನನ್ನ ಕೆಲ್ಸ ಇಲ್ಲಿಗೆ ಸಾಕು."

ಹಳೆಯ ಥೀಸಿಸ್ಸಿನಲ್ಲಿ ಸಾಲು ಸಿಕ್ಕರೆ ಮೇಷ್ಟ್ರಿಗೆ ಆಕರ ಸಿಗುತ್ತದೆ, ಅತ್ತಿಗೆಯ ತಲೆ ಸೋರುತ್ತಿದೆ ಎಂದು ಖಾತ್ರಿಯಾಗುತ್ತದೆ. ಸಿಗದಿದ್ದರೆ ಇಬ್ಬರೂ ಮುಳುಗಿದರು. ಇತ್ತ ದರಿ ಅತ್ತ ಪುಲಿ ಎಂಬಂತಾಯಿತು. ಆದರೂ ಹುಡುಕದೆ ಇರಲು ಆಗಲಿಲ್ಲ. ಕಂಪ್ಯೂಟರಿನಲ್ಲಿದ್ದ ಹದಿನಾಲ್ಕು ವರ್ಷದ ಕಡತಗಳನ್ನು ಒಂದು ದಿನದಲ್ಲಿ ಜಾಲಾಡಿದೆ. ಮೇಷ್ಟ್ರದು ಬಿಟ್ಟು ಎಲ್ಲೂ ಇಲ್ಲ. ಇನ್ನು ಟೈಪ್‌ರೈಟರ್ ಕಾಲದವು. ಅವನ್ನು ಕಣ್ಣಲ್ಲೇ ಓದಬೇಕು. ಅವೆಲ್ಲ ಇದ್ದದ್ದು ವಿಶ್ವವಿದ್ಯಾಲಯದ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ.

ಆ ಕೋಣೆಗೆ ಯಾರೂ ಬರುವುದಿಲ್ಲ. ಉದ್ದನೆಯ ಕಪಾಟುಗಳು, ಕಪ್ಪು ಕೆಂಪು ಹೊದಿಕೆಯ ಸಂಪುಟಗಳು, ಎತ್ತರದಲ್ಲಿ ಒಂದು ಗಾಜಿನ ಕಿಂಡಿ. ಅಲ್ಲಿನ ಬೆಳಕಿಗೆ ಹೊತ್ತೇ ಇಲ್ಲ. ಬೆಳಿಗ್ಗೆಯೂ ಸಂಜೆಯ ಹಾಗೆ, ಸಂಜೆಯೂ ಬೆಳಿಗ್ಗೆಯ ಹಾಗೆ. ಗ್ರಂಥಾಲಯದ ಹೆಂಗಸು ನನಗೊಂದು ಸ್ಟೂಲು ಕೊಟ್ಟು, ಯಾವ ವಿಷಯ ಬೇಕು ಎಂದು ಕೇಳಿದಳು. ಎಲ್ಲಾ ಎಂದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಸ್ಟೂಲಿನ ಜೊತೆ ಒಂದು ದಿಂಬನ್ನೂ ತಂದುಕೊಟ್ಟಳು.

ಹನ್ನೆರಡು ದಿನ ಓದಿದೆ. ಉಪ್ಪು ಹರಳುಗಟ್ಟುವುದರಿಂದ ಹಿಡಿದು ವಿಧವೆಯರ ಪತ್ರಗಳವರೆಗೆ, ಸೇತುವೆಯ ನಡುಕದಿಂದ ಹಿಡಿದು ಕುರುಡರ ಕನಸುಗಳವರೆಗೆ. ಹಿಂದೆ ಬಾಯಲ್ಲಿ ಓದುವಾಗ ಒಂದೂ ನನ್ನೊಳಗೆ ಇಳಿದಿರಲಿಲ್ಲ. ಈಗ ಬಾಯಿ ಮುಚ್ಚಿ ಓದಿದಾಗ ಒಂದೊಂದು ಸಾಲಿಗೂ ತಡೆದು ನಿಲ್ಲುತ್ತಿದ್ದೆ. ದಾರಿ ತಪ್ಪಿದ ಇರುವೆ ಮೊದಲು ಸುಮ್ಮನೆ ನಿಲ್ಲುತ್ತದಂತೆ. ಜೋಗುಳ ಹಾಡುವವರು ಮಗು ಮಲಗಿದ ಮೇಲೂ ಎರಡು ಮೂರು ಸಾಲು ಹಾಡುತ್ತಾರಂತೆ, ಕೇಳಿದರೆ ಇಲ್ಲ ಎನ್ನುತ್ತಾರಂತೆ. ತಾವು ಹಾಕಿದ ಗಂಟನ್ನು ಮುದುಕ ಬೆಸ್ತರು ಕತ್ತಲೆಯಲ್ಲೂ ಗುರುತು ಹಿಡಿಯುತ್ತಾರಂತೆ. ಎಲ್ಲರೂ ಬೇರೆ ಬೇರೆ ಕೋಣೆಯಲ್ಲಿ ಕೂತು ಒಂದೇ ಮಾತನ್ನು ಪಿಸುಗುಟ್ಟುತ್ತಿದ್ದಾರೆ ಎನಿಸುತ್ತಿತ್ತು. ಕಿವಿಗೊಟ್ಟರೆ ಆ ಮಾತು ಮಾತ್ರ ತಪ್ಪಿಹೋಗುತ್ತಿತ್ತು. ಒಂದು ಪಾಚಿಗಾಗಿ, ಒಂದು ಹಲ್ಲಿಗಾಗಿ ಹರೆಯವನ್ನೆಲ್ಲ ಕೊಟ್ಟವರು ಇಷ್ಟು ಜನ. ಬೆಟ್ಟ ಅಗೆದು ಇಲಿ ಹಿಡಿದರು ಎಂದು ನಕ್ಕಿದ್ದೆನಲ್ಲ, ಆ ಇಲಿಗಳನ್ನೆಲ್ಲ ಅಂಗೈ ಮೇಲೆ ಇಟ್ಟುಕೊಂಡು ನೇವರಿಸಬೇಕು ಎನಿಸಿತು.

ಇನ್ನೊಂದು ಸಂಗತಿ ನನಗೆ ಮೊದಲು ಹೊಳೆದಿರಲಿಲ್ಲ. ಆ ಸಂಪುಟಗಳ ತುಂಬ ಇದ್ದದ್ದು ಅಣ್ಣನ ದನಿ. ಪ್ರತಿ ಪೂರ್ಣವಿರಾಮವನ್ನೂ ಅವನು ಬಾಯಿಬಿಟ್ಟು ಹೇಳಿದ್ದಾನೆ, ಅತ್ತಿಗೆ ಕೇಳಿಸಿಕೊಂಡಿದ್ದಾರೆ. ಎರಡು ಜನ ಮೂವತ್ತೊಂದು ವರ್ಷ ಎದುರುಬದುರು ಕೂತು ಆಡಿಕೊಂಡ ಮಾತುಗಳು ಕಪಾಟು ಕಪಾಟಾಗಿ ನಿಂತಿದ್ದವು, ಅದರಲ್ಲಿ ಒಂದೂ ಅವರ ಸ್ವಂತದ್ದಲ್ಲ. ಹನ್ನೆರಡನೆಯ ದಿನ ಜೋಗುಳದ ಸಂಪುಟವನ್ನೂ ಸುಮ್ಮನೆ ತೆರೆದೆ. ನೂರ ಹನ್ನೆರಡನೆಯ ಪುಟದ ಕೊನೆಯ ಚುಕ್ಕಿಯವರೆಗೆ ಅಣ್ಣ. ಮಗುಚಿದರೆ ನಾನು. ನೋಡಿದರೆ ಯಾರಿಗೂ ವ್ಯತ್ಯಾಸ ಕಾಣದು. ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಅತ್ತೆ. ದಿಂಬು ಕೊಟ್ಟ ಹೆಂಗಸು ದೂರದಿಂದ ನೋಡಿ ಹಿಂದಿರುಗಿದಳು.

ವಾಕ್ಯ ಸಿಗಲಿಲ್ಲ. ಹದಿಮೂರನೆಯ ದಿನ ಸಂಜೆ ಬರಿಗೈಯಲ್ಲಿ ಕೋಣೆಗೆ ಬಂದು ಹೇಳಿದೆ. ಅತ್ತಿಗೆ ಆಗಲೇ ನಿರ್ಧರಿಸಿದ್ದರು. ತಪ್ಪು ತನ್ನದು, ವಾಕ್ಯ ಎಲ್ಲಿಂದ ಬಂತು ಎಂದು ತನಗೂ ತಿಳಿಯದು, ಸಂಶೋಧಕರದ್ದು ಏನೂ ದೋಷವಿಲ್ಲ ಎಂದು ಒಂದು ಪತ್ರಕ್ಕೆ ಸಹಿ ಹಾಕಿ ಬೆಳಿಗ್ಗೆ ಮೇಷ್ಟ್ರಿಗೆ ಕೊಡುವುದು. ಅದರಿಂದ ಮೇಷ್ಟ್ರು ಉಳಿಯುತ್ತಾರೋ ಇಲ್ಲವೋ ಗೊತ್ತಿಲ್ಲ. ಬಂದಿದ್ದ ಎರಡು ಕೈಬರಹದ ಕಂತೆಗಳನ್ನು ಆಗಲೇ ದಾರ ಕಟ್ಟಿ ಬಾಗಿಲ ಬಳಿ ಇಟ್ಟಿದ್ದರು, ವಾಪಸು ಕೊಡಲು. ಮೇಜಿನ ಮೇಲೆ ಪೆನ್ಸಿಲ್ ಒಂದೇ ಉಳಿದಿತ್ತು. ಗೋಡೆಯ ಮೊಳೆಯಿಂದ ಗಂಟಿನವರ ಆ ಕೆಟ್ಟ ಹಾಳೆಯನ್ನು ಬಿಡಿಸಿ ಮಡಚಿ ಚೀಲದಲ್ಲಿ ಹಾಕಿಕೊಂಡರು. ನಾನು ಮುಂದಾಗಿ ಇಳಿದು ಬೀದಿಗೆ ಬಂದೆ.

ಕೆಳಗೆ ನಿಂತೆ. ಆರು ಗಂಟೆ, ಗಡಿಯಾರದವನ ಅಂಗಡಿಯಲ್ಲಿ ಒಂದೊಂದು ಗಡಿಯಾರ ಒಂದೊಂದು ಸಲ ಬಾರಿಸುತ್ತಿತ್ತು. ಅತ್ತಿಗೆ ಬರಲಿಲ್ಲ. ಕತ್ತೆತ್ತಿ, ಬೇಗ ಇಳೀರಿ ಎಂದು ಕೂಗಬೇಕು, ಅಷ್ಟರಲ್ಲಿ ಕಂಡೆ. ಅವರು ಮೇಲಿನಿಂದ ಮೂರನೆಯ ಮೆಟ್ಟಿಲಲ್ಲಿ ನಿಂತಿದ್ದರು. ಎರಡೂ ಕಾಲು ಒಂದೇ ಮೆಟ್ಟಿಲ ಮೇಲೆ, ಒಂದು ಕೈ ಗೋಡೆಗೆ, ಮುಖ ಬಾಗಿಲ ಕಡೆಗೆ. ಆ ಕೂಗನ್ನು ಅದೇ ಜಾಗದಿಂದ ನಾನು ಒಮ್ಮೆ ಕೂಗಿದ್ದೆ.

ಅಣ್ಣ ಇಲ್ಲಿ ಓದಿದ ಕೊನೆಯ ದಿನ. ಟ್ಯಾಕ್ಸಿ ಬೀದಿಯಲ್ಲಿ ಅಡ್ಡ ನಿಂತಿತ್ತು, ಹಿಂದಿನ ಗಾಡಿಗಳು ಹಾರ್ನು ಹೊಡೆಯುತ್ತಿದ್ದವು, ಡ್ರೈವರು ನನ್ನನ್ನು ಬೈಯುತ್ತಿದ್ದ. ಅಣ್ಣ ಎರಡು ಮೆಟ್ಟಿಲು ಇಳಿದು ಮೂರನೆಯದರಲ್ಲಿ ನಿಂತುಬಿಟ್ಟಿದ್ದ. ಮುಖ ಮೇಲಕ್ಕೆ ತಿರುಗಿತ್ತು. ಒಳಗೆ ಅತ್ತಿಗೆ ಪುಟದ ಕೊನೆಯ ಸಾಲು ಮುಗಿಸುತ್ತಿದ್ದರು. ಆ ಕೀಲಿಗಳ ಸದ್ದನ್ನು ಅವನು ಕೇಳುತ್ತ ನಿಂತಿದ್ದ, ತಾನು ಆಡಿದ ಕೊನೆಯ ಮಾತು ಹಾಳೆಗೆ ಇಳಿಯುವುದನ್ನು. ನಾನು ಕೂಗಿದೆ. ಅವನು ಕದಲಲಿಲ್ಲ. ಎರಡನೆಯ ಸಲ ಸಿಟ್ಟಿನಿಂದ ಕೂಗಿದೆ. ಆಗ ಇಳಿದು ಬಂದು, ಏನೂ ಹೇಳದೆ ಟ್ಯಾಕ್ಸಿಯಲ್ಲಿ ಕೂತ. ಮೂವತ್ತೊಂದು ವರ್ಷ ಕಾದವನನ್ನು ಆ ದಿನ ಕಾಯಲು ಬಿಡದವನು ನಾನು. ಅದನ್ನು ಹೇಳಬೇಕಾಗುತ್ತದೆ ಎಂದೇ, ಅತ್ತಿಗೆ ನೊಂದು ಮಾತಾಡಿದ ದಿನ ನಾನು ಹಾಳೆ ಜೋಡಿಸುತ್ತ ಸುಮ್ಮನಿದ್ದೆ.

ಆ ವಾಕ್ಯವನ್ನು ಹೇಳಿದ್ದು ನನಗೆ ಇಂದಿಗೂ ನೆನಪಿಲ್ಲ. ಆದರೆ ಹೇಗೆ ಹೇಳಿರಬೇಕು ಎಂಬುದು ಕಣ್ಣಿಗೆ ಕಟ್ಟಿತು. ಬೇಸಿಗೆಯ ಮಧ್ಯಾಹ್ನ, ಜೊಂಪು, ಬಾಯಿ ತಾನಾಗಿ ಓದುತ್ತಿದೆ. ಮೂರನೆಯ ಮೆಟ್ಟಿಲಿನಲ್ಲಿ ಸವೆತ ಹೆಚ್ಚು, ಕಾರಣ ತಿಳಿದುಬಂದಿಲ್ಲ. ಕಾರಣ ತಿಳಿದವನು ಜಗತ್ತಿನಲ್ಲಿ ನಾನೊಬ್ಬನೇ ಇದ್ದೆ, ನಿದ್ದೆಯಲ್ಲಿ ಉತ್ತರ ಕೊಟ್ಟೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎನ್ನುತ್ತಾರಲ್ಲ, ಉಪ್ಪಿನಿಂದ ಸೇತುವೆಯವರೆಗೆ ನಾನು ಹುಡುಕಿದ್ದು ಹಾಗೆ.

"ಅತ್ತಿಗೆ, ಅದು ನಿಮ್ಮದಲ್ಲ. ನಂದು. ನಾನು ಪೆನ್ಸಿಲ್ ತಟ್ಟಲಿಲ್ಲ" ಎಂದೆ.

ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು. "ಯಾರನ್ನ ನೋಡಿ ಹೇಳ್ದೆ?"

"ಅಣ್ಣನ್ನ. ಕೊನೇ ದಿನ. ಈಗ ನೀವು ನಿಂತಿದೀರಲ್ಲ, ಅಲ್ಲೇ ನಿಂತಿದ್ದ. ನೀವು ಒಳಗೆ ಟೈಪು ಮಾಡ್ತಾ ಇದ್ರಿ, ಕೇಳ್ತಾ ನಿಂತಿದ್ದ. ನಾನೇ ಕೂಗಿ ಕೂಗಿ ಇಳಿಸ್ದೆ."

ಅತ್ತಿಗೆ ತಮ್ಮ ಕಾಲ ಕೆಳಗಿನ ಕಲ್ಲನ್ನು ನೋಡಿದರು. ಚಪ್ಪಲಿಯಿಂದ ಒಂದು ಕಾಲನ್ನು ಹೊರತೆಗೆದು ಬರಿಗಾಲನ್ನು ಅದರ ತಗ್ಗಿನಲ್ಲಿ ಇಟ್ಟರು. ನಾನು ಬೈಗುಳಕ್ಕೆ ಕಾದಿದ್ದೆ, ಬೈದಿದ್ದರೆ ಹಗುರವಾಗುತ್ತಿತ್ತು.

"ಎಷ್ಟು ಹೊತ್ತು ನಿಂತಿದ್ರು?" ಎಂದು ಕೇಳಿದರು.

"ನೀವು ಆ ಸಾಲು ಮುಗಿಸೋವರೆಗೂ" ಎಂದೆ.

ಕೆಳಗೆ ಕೊನೆಯ ಗಡಿಯಾರ ತಡವಾಗಿ ಆರು ಬಾರಿಸಿ ಸುಮ್ಮನಾಯಿತು. ಆಮೇಲೆ ಅವರು ಕೈಬೆರಳಿನಿಂದ ಕಣ್ಣು ಒತ್ತಿಕೊಂಡು, ಬಾ ಎಂದು ಹೇಳಿ ಮೇಲೆ ಹತ್ತಿದರು. ನಾನೂ ಹತ್ತಿದೆ. ಹೊದಿಕೆ ತೆಗೆದು ಮೆಷಿನ್ ಮುಂದೆ ಕೂತು, ಕಣ್ಣು ಮುಚ್ಚಿ, ಓದು ಎಂದರು.

ಓದಲು ನನ್ನ ಕೈಯಲ್ಲಿ ಹಾಳೆಯೇ ಇರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನನ್ನದೇ ಮಾತನ್ನು ಓದಬೇಕಿತ್ತು. ಅಡಿಟಿಪ್ಪಣಿ, ಎಂದೆ. ಈ ವಾಕ್ಯ ಸಂಶೋಧಕರದ್ದಲ್ಲ, ಪೂರ್ಣವಿರಾಮ. ಪ್ರಬಂಧವನ್ನು ಓದಿ ಹೇಳುತ್ತಿದ್ದವನು ತನ್ನ ಅಣ್ಣ ಹಾಗೆ ನಿಂತದ್ದನ್ನು ಕಣ್ಣಾರೆ ಕಂಡು, ಅಲ್ಪವಿರಾಮ, ಅರಿವಿಲ್ಲದೆ ಹೇಳಿದ್ದು, ಪೂರ್ಣವಿರಾಮ. ಟೈಪು ಮಾಡಿದವರ ತಪ್ಪಿಲ್ಲ, ಪೂರ್ಣವಿರಾಮ. ಬೆರಳುಗಳು ಒಂದು ಅಕ್ಷರಕ್ಕೂ ತಡವರಿಸಲಿಲ್ಲ. ಮುಗಿದ ಮೇಲೆ ನಾನು ಪೆನ್ಸಿಲ್ ಎತ್ತಿ ಮೇಜನ್ನು ಒಮ್ಮೆ ತಟ್ಟಿ, ಅವತ್ತು ಮೇಷ್ಟ್ರ ಹತ್ತಿರ ನಿಮ್ಮ ತಲೆಯ ವಿಷಯ ಹಾಗೆ ಹೇಳಬಾರದಿತ್ತು ಎಂದೆ. "ನನ್ನ ತಲೇಗೆ ಏನಾಗಿದೆ" ಎಂದರು ಅತ್ತಿಗೆ, ಕಣ್ಣು ತೆರೆಯದೆಯೇ. "ನಿದ್ದೆ ಮಾಡೋನು ನೀನು. ನಾಳೆಯಿಂದ ಊಟ ಆದ್ಮೇಲೆ ನಿಂತ್ಕೊಂಡು ಓದು."

ಆ ಅಡಿಟಿಪ್ಪಣಿಯ ಸಮೇತ ಮೇಷ್ಟ್ರ ಪ್ರಬಂಧ ಒಪ್ಪಿಗೆಯಾಯಿತು. ಮೌಖಿಕ ಪರೀಕ್ಷೆಯಲ್ಲಿ ಇನ್ನೂರ ಹದಿನೇಳು ಕಡೆಯ ಅಳತೆಯ ಬಗ್ಗೆ ಒಂದು ಗಂಟೆ ಕೇಳಿದರಂತೆ, ಆ ಸಾಲಿನ ಬಗ್ಗೆ ಯಾರೂ ಏನೂ ಕೇಳಲಿಲ್ಲವಂತೆ. ದಾರ ಕಟ್ಟಿದ್ದ ಕಂತೆಗಳನ್ನು ಅತ್ತಿಗೆ ಮತ್ತೆ ಬಿಚ್ಚಿದರು, ಕೆಟ್ಟ ಹಾಳೆ ಮೊಳೆಗೆ ಮರಳಿತು. ಈಗ ಬಂದಿರುವವರು ಮೋಡದ ನೆರಳು ಹೊಲದ ಮೇಲೆ ಎಷ್ಟು ವೇಗವಾಗಿ ಹೋಗುತ್ತದೆ ಎಂದು ಲೆಕ್ಕ ಹಾಕಿದವರು. ನಾನು ನಿಂತುಕೊಂಡೇ ಓದುತ್ತೇನೆ.

ಸಂಜೆ ಆರಕ್ಕೆ ಕೆಲಸ ನಿಲ್ಲುತ್ತದೆ. ನಾನು ಮೊದಲು ಇಳಿದು ಬೀದಿಯಲ್ಲಿ ನಿಲ್ಲುತ್ತೇನೆ. ಅತ್ತಿಗೆ ಹೊದಿಕೆ ಹಾಕಿ, ಬಾಗಿಲೆಳೆದುಕೊಂಡು, ಎರಡು ಮೆಟ್ಟಿಲು ಇಳಿದು, ಮೂರನೆಯದರಲ್ಲಿ ನಿಲ್ಲುತ್ತಾರೆ. ಕೆಲವು ದಿನ ಸ್ವಲ್ಪ ಹೊತ್ತು, ಕೆಲವು ದಿನ ಬಹಳ ಹೊತ್ತು. ನಾನು ಕೂಗುವುದಿಲ್ಲ.